ಏಡಿ ಒಂದು ಕಡೆ, ಸೋರಿಕೆ ಇನ್ನೊಂದು ಕಡೆ

(ಕ್ಯಾನ್ಸರ್ ದೂರದಿಂದ ಕೊಡುವ ಸುಳಿವುಗಳ ಬಗ್ಗೆ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



 

ಸಾಮಾನ್ಯವಾಗಿ ಈ ಸಭೆಯಲ್ಲಿ ನನಗೆ ಕೊಡುವ ವಿಷಯ ಭಾಷೆ, ಪರೀಕ್ಷೆ, ಇಲ್ಲವೇ ಮಕ್ಕಳ ಓದು. ಈ ಸಲ ಆರೋಗ್ಯದ ವಿಷಯವನ್ನು ನಾನೇ ಕೇಳಿ ಪಡೆದಿದ್ದೇನೆ. ನಾನು ಡಾಕ್ಟರಲ್ಲ. ಬಿ.ಎಡ್. ಮುಗಿಸಿ ಉರ್ದು ಮತ್ತು ಕನ್ನಡ ಕಲಿಸುವ ಒಬ್ಬ ಶಿಕ್ಷಕ. ಆದರೆ ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಒಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ಮನೆಯಲ್ಲಿ ಓದಿದವನು ನಾನೊಬ್ಬನೇ ಆಗಿದ್ದರೂ ಅಂದು ಉತ್ತರ ಕೊಡಲು ಆಗಲಿಲ್ಲ. ಆಮೇಲೆ ಓದಿ, ಡಾಕ್ಟರುಗಳನ್ನು ಕೇಳಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆ ಪ್ರಶ್ನೆ ಕೇಳಿದವರು ನನ್ನ ಮುಮಾನಿ, ಅಂದರೆ ಸೋದರಮಾವನ ಹೆಂಡತಿ. ಮಾಮು ನಲವತ್ತು ವರ್ಷ ಬೀಡಿ ಸೇದಿದವರು. ಕೆಮ್ಮು ಇತ್ತು, ಆದರೆ ಬೀಡಿ ಸೇದುವವರ ಕೆಮ್ಮನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2016ರ ಬೇಸಿಗೆಯಲ್ಲಿ ಅವರಿಗೆ ಸುಸ್ತು ಶುರುವಾಯಿತು. ಊಟ ಸೇರುತ್ತಿರಲಿಲ್ಲ, ವಾಕರಿಕೆ, ತಲೆನೋವು. ನಾವೆಲ್ಲ ‘ಕಮ್ಜೋರಿ’ ಎಂದೆವು. ಬಿಸಿಲಿನ ಕಾಲ, ಒಂದು ಬಾಟಲಿ ಗ್ಲೂಕೋಸ್ ಹಾಕಿಸಿದರೆ ಸರಿಹೋಗುತ್ತದೆ ಎಂದು ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ನಾವೇ ಒತ್ತಾಯ ಮಾಡಿ ಹಾಕಿಸಿದೆವು. ಎರಡು ದಿನ ಬಿಟ್ಟು ಇನ್ನೊಂದು ಬಾಟಲಿ. ಅಷ್ಟರಲ್ಲಿ ಮಾಮು ಮಾತು ತಪ್ಪತೊಡಗಿದರು. ಮಗನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆದರು. ಅದನ್ನು ಕಂಡು ಕೆಲವರು ನಜರ್ ಎಂದರು, ಕೆಲವರು ವಯಸ್ಸು ಎಂದರು. ಒಂದು ಬೆಳಗಿನ ಜಾವ ಫಿಟ್ಸ್ ಬಂತು. ಆಗ ಕಾರು ಮಾಡಿಕೊಂಡು ದಾವಣಗೆರೆಗೆ ಓಡಿದೆವು.

ಅಲ್ಲಿ ರಕ್ತ ಪರೀಕ್ಷೆ ಮಾಡಿ ಸೋಡಿಯಂ 110 ಇದೆ ಎಂದರು. ಅದು 135ರಿಂದ 145ರ ನಡುವೆ ಇರಬೇಕು. ಆಮೇಲೆ ಅವರನ್ನು ಎದೆಯ ಎಕ್ಸ್‌ರೇಗೆ ಕರೆದುಕೊಂಡು ಹೋದರು. ಆಗ ಮುಮಾನಿ ನನ್ನ ತೋಳು ಹಿಡಿದು ಕೇಳಿದರು: “ಕಾಯಿಲೆ ಬಂದಿರೋದು ತಲೆಗೆ, ಇವರು ಎದೆ ಫೋಟೋ ಯಾಕೆ ತೆಗೀತಾರೆ ಬೇಟಾ?”

ಇಂದಿನ ನನ್ನ ಮಾತೆಲ್ಲ ಈ ಪ್ರಶ್ನೆಗೆ ಉತ್ತರ.

ಸ್ನೇಹಿತರೇ, ಮೊದಲು ಹೆಸರಿನಿಂದ ಶುರು ಮಾಡೋಣ, ಅದು ನನ್ನ ಕಸುಬು. ಉರ್ದುವಿನಲ್ಲಿ ಕ್ಯಾನ್ಸರಿಗೆ ‘ಸರತಾನ್’ ಎನ್ನುತ್ತೇವೆ. ಅರಬ್ಬಿಯಿಂದ ಬಂದ ಈ ಮಾತಿನ ಅರ್ಥ ಏಡಿ. ಲ್ಯಾಟಿನ್ನಿನ ‘ಕ್ಯಾನ್ಸರ್’ ಎಂದರೂ ಏಡಿಯೇ. ಗ್ರೀಕಿನ ‘ಕಾರ್ಕಿನೋಸ್’ ಎಂದರೂ ಏಡಿಯೇ. ಕಾಲು ಚಾಚಿ ಕಚ್ಚಿಕೊಂಡು ಕೂತ ಗೆಡ್ಡೆ ಹಳೆಯ ವೈದ್ಯರಿಗೆ ಏಡಿಯಂತೆ ಕಂಡಿತ್ತು. ಹೀಗಾಗಿ ಆ ಹೆಸರು ಭಾಷೆಯಿಂದ ಭಾಷೆಗೆ ದಾಟಿತು.

ಏಡಿಯನ್ನು ನಮ್ಮ ತ್ಯಾವಣಿಗೆ ಸುತ್ತಿನವರಿಗೆ ಬೇರೆ ಯಾರೂ ಪರಿಚಯಿಸಬೇಕಾಗಿಲ್ಲ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವವರು ನಾವು. ರಾತ್ರಿ ಗದ್ದೆಗೆ ನೀರು ಕಟ್ಟಿ ಬಂದಿರುತ್ತೀರಿ. ಬೆಳಿಗ್ಗೆ ಹೋಗಿ ನೋಡಿದರೆ ಮೇಲಿನ ಮಡಿ ಒಣಗಿದೆ, ಕೆಳಗಿನವರ ಗದ್ದೆಯಲ್ಲಿ ನೀರು ನಿಂತಿದೆ. ಬದುವಿನಲ್ಲಿ ಏಡಿ ಬಿಲ ಕೊರೆದಿದೆ. ಏಡಿ ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಬಿಲದ ಬಾಯಿಯೂ ಕಂಡಿಲ್ಲ. ಮೊದಲು ಕಂಡದ್ದು ಬೇರೆ ಕಡೆಯ ಸೋರಿಕೆ. ತಿಳಿದ ರೈತ ಏನು ಮಾಡುತ್ತಾನೆ? ಒಣಗಿದ ಮಡಿಗೆ ಬರೀ ಇನ್ನಷ್ಟು ನೀರು ಬಿಟ್ಟು ಸುಮ್ಮನಾಗುವುದಿಲ್ಲ. ಬದುವಿನ ಉದ್ದಕ್ಕೂ ನಡೆದು ಬಿಲ ಹುಡುಕುತ್ತಾನೆ.

ಕೆಲವು ಕ್ಯಾನ್ಸರುಗಳು ಹೀಗೆಯೇ ಇರುತ್ತವೆ. ಗೆಡ್ಡೆ ಶ್ವಾಸಕೋಶದಲ್ಲಿ, ತೊಂದರೆ ಮಿದುಳಿನಲ್ಲಿ. ಗೆಡ್ಡೆ ಅಂಡಾಶಯದಲ್ಲಿ, ತೊಂದರೆ ನಡಿಗೆಯಲ್ಲಿ. ಕ್ಯಾನ್ಸರ್ ಅಲ್ಲಿಗೆ ಹರಡಿರುವುದಿಲ್ಲ, ಒತ್ತುತ್ತಲೂ ಇರುವುದಿಲ್ಲ. ಆದರೂ ದೂರದ ಅಂಗ ಕೆಡುತ್ತದೆ. ಇದಕ್ಕೆ ವೈದ್ಯರು ‘ಪ್ಯಾರಾನಿಯೋಪ್ಲಾಸ್ಟಿಕ್ ಸಿಂಡ್ರೋಮ್’ ಎನ್ನುತ್ತಾರೆ. ‘ಪ್ಯಾರಾ’ ಎಂದರೆ ಪಕ್ಕದ್ದು, ‘ನಿಯೋ’ ಎಂದರೆ ಹೊಸದು, ‘ಪ್ಲಾಸಿಯ’ ಎಂದರೆ ಬೆಳವಣಿಗೆ. ಹೊಸ ಬೆಳವಣಿಗೆಯ, ಅಂದರೆ ಗೆಡ್ಡೆಯ ಜೊತೆಜೊತೆಗೆ ಬರುವ ಲಕ್ಷಣಗಳ ಗುಂಪು ಎಂದು ಕನ್ನಡದಲ್ಲಿ ಹೇಳಬಹುದು. ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ಸುಮಾರು ಎಂಟರಿಂದ ಹತ್ತು ಮಂದಿಗೆ ಇಂಥದ್ದೊಂದು ಕಾಣಿಸಿಕೊಳ್ಳುತ್ತದೆ ಎಂಬ ಅಂದಾಜಿದೆ. ಇದರ ಮಹತ್ವ ಏನೆಂದರೆ, ಎಷ್ಟೋ ಸಲ ಗೆಡ್ಡೆ ಇದೆಯೆಂದು ಗೊತ್ತಾಗುವ ಮೊದಲೇ ಈ ಲಕ್ಷಣ ಬಂದಿರುತ್ತದೆ.

ಇದು ಹೇಗೆ ಆಗುತ್ತದೆ? ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಹಾರ್ಮೋನಿನ ದಾರಿ. ನಮ್ಮ ದೇಹದಲ್ಲಿ ಯಾವ ಗ್ರಂಥಿ ಯಾವ ರಸ ಎಷ್ಟು ಬಿಡಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ಲೆಕ್ಕವಿದೆ. ಉದಾಹರಣೆಗೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಒಂದು ಹಾರ್ಮೋನನ್ನು ಬಿಡುತ್ತದೆ. ‘ನೀರನ್ನು ಹೊರಗೆ ಬಿಡಬೇಡ, ಹಿಡಿದಿಟ್ಟುಕೋ’ ಎಂದು ಮೂತ್ರಪಿಂಡಕ್ಕೆ ಹೇಳುವುದು ಅದರ ಕೆಲಸ. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್, ಸಣ್ಣ ಜೀವಕೋಶದ ಕ್ಯಾನ್ಸರ್ ಎಂದು ಅದನ್ನು ಕರೆಯುತ್ತಾರೆ, ಯಾರ ಅಪ್ಪಣೆಯೂ ಇಲ್ಲದೆ ಅದೇ ಹಾರ್ಮೋನನ್ನು ತಾನೇ ತಯಾರಿಸಿ ಸುರಿಯಬಲ್ಲದು. ಆಗ ಮೂತ್ರಪಿಂಡ ನೀರನ್ನು ಹಿಡಿದೇ ಇಡುತ್ತದೆ. ರಕ್ತ ತೆಳುವಾಗಿ ಅದರಲ್ಲಿನ ಸೋಡಿಯಂ ಪ್ರಮಾಣ ಕುಸಿಯುತ್ತದೆ. ಮಿದುಳಿನ ಜೀವಕೋಶಗಳು ನೀರು ಹೀರಿ ಊದಿಕೊಳ್ಳುತ್ತವೆ. ವಾಕರಿಕೆ, ತಲೆನೋವು, ಗಲಿಬಿಲಿ, ಕೊನೆಗೆ ಫಿಟ್ಸ್ ಬರುತ್ತವೆ. 1957ರಲ್ಲಿ ಅಮೆರಿಕದ ಶ್ವಾರ್ಟ್ಸ್, ಬಾರ್ಟರ್ ಮತ್ತು ಅವರ ಸಂಗಡಿಗರು ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಬ್ಬರು ರೋಗಿಗಳಲ್ಲಿ ಇದನ್ನು ಮೊದಲು ವಿವರಿಸಿದರು. ನಮ್ಮ ಮಾಮುವಿಗೆ ಆದದ್ದು ಇದೇ. ಎದೆಯ ಫೋಟೋ ತೆಗೆದದ್ದು ಅದಕ್ಕೇ.

ಎರಡನೆಯದು ರೋಗನಿರೋಧಕ ಶಕ್ತಿಯ ದಾರಿ. ಇದನ್ನು ತರಗತಿಯ ಉದಾಹರಣೆಯಿಂದ ಹೇಳುತ್ತೇನೆ. ಒಂದೇ ಹೆಸರಿನ ಇಬ್ಬರು ಹುಡುಗರು ಬೇರೆ ಬೇರೆ ತರಗತಿಯಲ್ಲಿದ್ದಾರೆ ಎಂದುಕೊಳ್ಳಿ. ಒಬ್ಬ ತುಂಟ, ಇನ್ನೊಬ್ಬ ಪಾಪದವನು. ಹೆಡ್‌ಮಾಸ್ಟರು ತುಂಟನ ಹೆಸರು ಬರೆದುಕೊಂಡು ಹೋಗಿ ಪಾಪದವನನ್ನೂ ಶಿಕ್ಷಿಸುತ್ತಾರೆ. ಕೆಲವು ಗೆಡ್ಡೆಗಳ ಮೇಲೆ ಇರುವ ಪ್ರೋಟೀನು ನಮ್ಮ ನರಕೋಶಗಳ ಮೇಲೂ ಇರುತ್ತದೆ. ದೇಹ ಗೆಡ್ಡೆಯನ್ನು ಗುರುತಿಸಿ ಅದರ ವಿರುದ್ಧ ಆಂಟಿಬಾಡಿಗಳನ್ನೂ ಸೈನಿಕ ಕಣಗಳನ್ನೂ ತಯಾರಿಸುತ್ತದೆ. ಅವು ಗೆಡ್ಡೆಯ ಜೊತೆಗೆ ನರವನ್ನೂ ಹೊಡೆಯುತ್ತವೆ. ಹೀಗಾಗಿ ಗೆಡ್ಡೆ ಇನ್ನೂ ಕಾಳಿನಷ್ಟಿರುವಾಗಲೇ ಕೈಕಾಲು ಸೋಲಬಹುದು, ನಡಿಗೆ ತೂರಾಡಬಹುದು, ಮನಸ್ಸು ಕೆಡಬಹುದು.

ಇನ್ನು ಯಾವ ಸುಳಿವು ಯಾವ ಕ್ಯಾನ್ಸರಿನ ಕಡೆ ಕೈ ತೋರಿಸುತ್ತದೆ ಎಂಬುದನ್ನು ನೋಡೋಣ. ಎಲ್ಲವನ್ನೂ ಹೇಳಲು ಸಮಯ ಸಾಲದು. ನಮ್ಮ ಮನೆಗಳಲ್ಲಿ ಕಾಣಬಹುದಾದ ಕೆಲವನ್ನು ಮಾತ್ರ ಹೇಳುತ್ತೇನೆ.

ಒಂದು, ಬಾಯಾರಿಕೆ. ಪದೇ ಪದೇ ನೀರು ಕುಡಿಯುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು, ಮಲಬದ್ಧತೆ, ಮಂಪರು. ಇವನ್ನು ಕಂಡಾಗ ಎಲ್ಲರೂ ಸಕ್ಕರೆ ಕಾಯಿಲೆ ಎನ್ನುತ್ತಾರೆ. ಹೆಚ್ಚಿನ ಸಲ ಅದು ನಿಜವೇ. ಆದರೆ ಸಕ್ಕರೆ ಪರೀಕ್ಷೆ ಸರಿಯಾಗಿ ಬಂದರೆ ಅಲ್ಲಿಗೇ ನಿಲ್ಲಿಸಬಾರದು. ರಕ್ತದ ಕ್ಯಾಲ್ಸಿಯಂ ನೋಡಿಸಬೇಕು. ಬಾಯಿ, ಗಂಟಲು, ಶ್ವಾಸಕೋಶ, ಮೂತ್ರಪಿಂಡ, ಸ್ತನ ಇವುಗಳ ಕೆಲವು ಕ್ಯಾನ್ಸರುಗಳು ಕ್ಯಾಲ್ಸಿಯಂ ಏರಿಸುತ್ತವೆ. ಗೆಡ್ಡೆ ಬಿಡುವ ಒಂದು ಪ್ರೋಟೀನು ಮೂಳೆಯಿಂದ ಕ್ಯಾಲ್ಸಿಯಂ ಕೀಳುತ್ತದೆ ಎಂಬುದು 1987ರಲ್ಲಿ ಖಚಿತವಾಯಿತು. ಕ್ಯಾಲ್ಸಿಯಂ ಬಹಳ ಏರಿದರೆ ಅದೇ ಜೀವಕ್ಕೆ ಅಪಾಯ. ಆದರೆ ಅದನ್ನು ಇಳಿಸಲು ಔಷಧಿಗಳಿವೆ.

ಎರಡು, ಉಗುರು. ಬೆರಳ ತುದಿ ಡೋಲಿನ ಕೋಲಿನಂತೆ ದಪ್ಪವಾಗಿ ಉಗುರು ಗಿಳಿಯ ಮೂಗಿನಂತೆ ಬಾಗುವುದು. ಸುಮಾರು 2400 ವರ್ಷಗಳ ಹಿಂದೆ ಗ್ರೀಸಿನ ಹಿಪೊಕ್ರೆಟಿಸ್ ಇದನ್ನು ಎದೆಯ ಕಾಯಿಲೆಯವರಲ್ಲಿ ಗುರುತಿಸಿದ್ದ. ವಿದ್ಯಾರ್ಥಿಗಳೇ, ಈಗಲೇ ನಿಮ್ಮ ಎರಡೂ ತೋರುಬೆರಳುಗಳ ಉಗುರುಗಳನ್ನು ಬೆನ್ನಿಗೆ ಬೆನ್ನು ಕೊಟ್ಟಂತೆ ಸೇರಿಸಿ ನೋಡಿ. ಉಗುರಿನ ಬುಡದಲ್ಲಿ ವಜ್ರದ ಆಕಾರದ ಸಣ್ಣ ಕಿಂಡಿ ಕಾಣುತ್ತದೆ. ಆ ಕಿಂಡಿ ಮುಚ್ಚಿಹೋಗಿದ್ದರೆ ಡಾಕ್ಟರಿಗೆ ತೋರಿಸಬೇಕು. ದಕ್ಷಿಣ ಆಫ್ರಿಕಾದ ಹೃದಯತಜ್ಞ ಶ್ಯಾಮ್‌ರಾತ್ ತಮ್ಮ ಕಾಯಿಲೆಯ ಸಮಯದಲ್ಲಿ ತಮ್ಮದೇ ಬೆರಳುಗಳಲ್ಲಿ ಕಂಡುಕೊಂಡು 1976ರಲ್ಲಿ ತಿಳಿಸಿದ ಪರೀಕ್ಷೆ ಇದು. ಕಿಂಡಿ ಮುಚ್ಚಿದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಹುಟ್ಟಿನಿಂದ ಬಂದ ಹೃದಯದ ತೊಂದರೆಯಿಂದಲೂ, ಶ್ವಾಸಕೋಶದಲ್ಲಿ ಬಹುಕಾಲ ಕೀವು ನಿಲ್ಲುವುದರಿಂದಲೂ ಹೀಗಾಗುತ್ತದೆ. ಆದರೆ ಬೀಡಿ ಸೇದುವ ಐವತ್ತು ದಾಟಿದವರಲ್ಲಿ ಹೊಸದಾಗಿ ಹೀಗಾದರೆ ಎದೆಯ ಎಕ್ಸ್‌ರೇ ಆಗಲೇಬೇಕು.

ಮೂರು, ಸ್ನಾಯುಗಳ ಸೋಲು. ಕೂತಲ್ಲಿಂದ ಏಳಲಾಗದು, ಮೆಟ್ಟಿಲು ಹತ್ತಲಾಗದು, ಬಾಯಿ ಒಣಗುತ್ತದೆ. ನಮಾಜಿನಲ್ಲಿ ಸಜ್ದಾದಿಂದ ಮೇಲೇಳಲು ಕಷ್ಟವಾಗಿ ಕುರ್ಚಿ ಕೇಳುವವರೆಲ್ಲ ಮಂಡಿನೋವಿನವರೇ ಎಂದುಕೊಳ್ಳುತ್ತೇವೆ. ನೋವೇ ಇಲ್ಲದೆ ತೊಡೆಯ ಬಲ ಹೋಗಿದ್ದರೆ ಕಾರಣ ಬೇರೆ ಇರಬಹುದು. ಲ್ಯಾಂಬರ್ಟ್ ಮತ್ತು ಈಟನ್ ಎಂಬ ಅಮೆರಿಕದ ವೈದ್ಯರು ತಮ್ಮ ಸಂಗಡಿಗರೊಡನೆ 1956ರಲ್ಲಿ ವಿವರಿಸಿದ ಕಾಯಿಲೆ ಇಂಥದ್ದು. ಅದು ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಶ್ವಾಸಕೋಶದ ಸಣ್ಣ ಜೀವಕೋಶದ ಕ್ಯಾನ್ಸರ್ ಇರುತ್ತದೆ. ಸಂಜೆಯ ಹೊತ್ತಿಗೆ ರೆಪ್ಪೆ ಜೋಲುವುದು, ಒಂದು ಎರಡಾಗಿ ಕಾಣುವುದು, ನುಂಗಲು ಕಷ್ಟವಾಗುವುದು ಮಯಸ್ತೀನಿಯ ಎಂಬ ಇನ್ನೊಂದು ಕಾಯಿಲೆ. ಅಂಥವರ ಎದೆಗೂಡಿನಲ್ಲಿ ಥೈಮಸ್ ಗ್ರಂಥಿಯ ಗೆಡ್ಡೆ ಇದೆಯೇ ಎಂದು ಸ್ಕ್ಯಾನ್ ಮಾಡಿ ನೋಡುತ್ತಾರೆ. ಅದನ್ನು ತೆಗೆದ ಮೇಲೆ ಎಷ್ಟೋ ಮಂದಿ ಚೇತರಿಸಿಕೊಂಡಿದ್ದಾರೆ.

ನಾಲ್ಕು, ಚರ್ಮ. ರೆಪ್ಪೆಯ ಮೇಲೆ ನೇರಳೆ ಬಣ್ಣದ ಊತ, ಬೆರಳ ಗೆಣ್ಣುಗಳ ಮೇಲೆ ಕೆಂಪು ಗುಳ್ಳೆ, ಜೊತೆಗೆ ತಲೆ ಬಾಚಲು ಕೈ ಎತ್ತಲಾಗದಷ್ಟು ಸೋಲು. ಇದು ಡರ್ಮಟೊಮಯೋಸೈಟಿಸ್. ದೊಡ್ಡವರಲ್ಲಿ ಇದು ಬಂದರೆ ಅಂಡಾಶಯ, ಸ್ತನ, ಶ್ವಾಸಕೋಶ, ಹೊಟ್ಟೆ ಇವುಗಳ ಕ್ಯಾನ್ಸರ್ ಇದೆಯೇ ಎಂದು ಹುಡುಕುವುದು ವೈದ್ಯರ ರೂಢಿ. ಇನ್ನು ಕತ್ತಿನ ಹಿಂದೆ ಕಪ್ಪಾಗಿ ಒರಟಾಗುವುದು ಬಹುಪಾಲು ಸ್ಥೂಲಕಾಯ ಮತ್ತು ಸಕ್ಕರೆ ಕಾಯಿಲೆಯ ಗುರುತು, ಗಾಬರಿ ಬೇಡ. ಆದರೆ ತೆಳ್ಳಗಿನ ವಯಸ್ಸಾದವರಲ್ಲಿ ಇದು ದಿಢೀರನೆ ಬಂದು ಬಾಯೊಳಗೂ ಅಂಗೈಗೂ ಹರಡಿ ತೂಕ ಇಳಿಯುತ್ತಿದ್ದರೆ ಜಠರವನ್ನು ಪರೀಕ್ಷಿಸಬೇಕು.

ಐದು, ರಕ್ತ. ಕಾರಣವಿಲ್ಲದೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಒಂದು ಕಡೆ ಕಡಿಮೆಯಾಗಿ ಇನ್ನೊಂದು ಕಡೆ ಬರುವುದು. ಪ್ಯಾರಿಸಿನ ಹೆಸರಾಂತ ವೈದ್ಯ ಆರ್ಮಾಂಡ್ ಟ್ರೂಸೋ 1865ರಲ್ಲಿ ಇದು ಒಳಗಿನ ಕ್ಯಾನ್ಸರಿನ ಸುಳಿವು ಎಂದು ತಮ್ಮ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದರು. 1867ರಲ್ಲಿ ಅದೇ ಲಕ್ಷಣ ತಮ್ಮ ಮೈಯಲ್ಲೇ ಕಂಡಾಗ ತಮ್ಮ ಕಾಯಿಲೆ ಏನೆಂದು ತಾವೇ ಹೇಳಿದರು. ಅದೇ ವರ್ಷ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಕಾಲದಲ್ಲಿ ಸುಳಿವು ಸಿಕ್ಕರೂ ಮದ್ದಿರಲಿಲ್ಲ. ಇಂದು ಪರಿಸ್ಥಿತಿ ಹಾಗಿಲ್ಲ.

ಈಗ ತಾಯಂದಿರು ಮತ್ತು ಹೆಣ್ಣುಮಕ್ಕಳು ವಿಶೇಷವಾಗಿ ಗಮನ ಕೊಡಬೇಕಾದ ಮಾತು.

ಚೆನ್ನಾಗಿ ಓದುತ್ತಿದ್ದ ಹುಡುಗಿ. ಕೆಲವು ದಿನ ಜ್ವರ, ತಲೆನೋವು. ಆಮೇಲೆ ನಿದ್ದೆ ಇಲ್ಲ. ಯಾರೋ ಕರೆಯುತ್ತಾರೆ, ಯಾರೋ ಹೊಡೆಯಲು ಬರುತ್ತಾರೆ ಎನ್ನುತ್ತಾಳೆ. ಕಿರುಚುತ್ತಾಳೆ, ಅಥವಾ ಮಾತೇ ನಿಲ್ಲಿಸುತ್ತಾಳೆ. ಬಾಯಿ ತಾನಾಗಿ ಆಡಿಸುತ್ತಾಳೆ, ಕೈ ತಿರುಚುತ್ತಾಳೆ, ಫಿಟ್ಸ್ ಬರುತ್ತದೆ. ಇಂಥದ್ದನ್ನು ಕಂಡರೆ ನಮ್ಮ ಊರುಗಳಲ್ಲಿ, ಯಾವ ಜಾತಿ ಮತದ ಮನೆಯೇ ಆಗಲಿ, ಮೊದಲು ಹೋಗುವುದು ಎಲ್ಲಿಗೆಂದು ನಿಮಗೂ ಗೊತ್ತು, ನನಗೂ ಗೊತ್ತು. ಜಿನ್ನ್ ಹಿಡಿದಿದೆ, ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಎಂದು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಅಲೆದಾಡುತ್ತೇವೆ.

2007ರಲ್ಲಿ ಸ್ಪೇನ್ ಮೂಲದ ನರತಜ್ಞ ಜೋಸೆಪ್ ದಾಲ್ಮೌ ಮತ್ತು ಅವರ ತಂಡ, ಆಗ ಅಮೆರಿಕದಲ್ಲಿದ್ದರು, ಇಂಥ ಹನ್ನೆರಡು ಮಹಿಳೆಯರ ವಿವರ ಪ್ರಕಟಿಸಿದರು. ಎಲ್ಲರ ರಕ್ತದಲ್ಲೂ ಮಿದುಳಿನ ಒಂದು ಗ್ರಾಹಕದ ವಿರುದ್ಧ ಆಂಟಿಬಾಡಿ ಇತ್ತು. ಹನ್ನೊಂದು ಮಂದಿಯಲ್ಲಿ ಅಂಡಾಶಯದಲ್ಲಿ, ಒಬ್ಬರಲ್ಲಿ ಎದೆಗೂಡಿನಲ್ಲಿ ಟೆರಟೋಮ ಎಂಬ ಗೆಡ್ಡೆ ಇತ್ತು. ಟೆರಟೋಮದಲ್ಲಿ ಕೂದಲು, ಹಲ್ಲು, ಕೆಲವೊಮ್ಮೆ ನರದ ಅಂಶವೂ ಬೆಳೆಯುತ್ತದೆ. ಆ ನರದ ಅಂಶವನ್ನು ಹೊಡೆಯಲು ಹೊರಟ ದೇಹ ಮಿದುಳನ್ನೇ ಹೊಡೆಯುತ್ತದೆ. ಈ ಗೆಡ್ಡೆ ಹೆಚ್ಚಾಗಿ ಕ್ಯಾನ್ಸರ್ ಆಗಿರುವುದಿಲ್ಲ. ಈ ಕಾಯಿಲೆಯ ಎಲ್ಲರಲ್ಲೂ ಗೆಡ್ಡೆ ಇರುತ್ತದೆ ಎಂದೂ ಅಲ್ಲ. ಗೆಡ್ಡೆ ಹೆಚ್ಚು ಸಿಗುವುದು ವಯಸ್ಸಿಗೆ ಬಂದ ಯುವತಿಯರಲ್ಲಿ, ಚಿಕ್ಕ ಮಕ್ಕಳಲ್ಲಿ ಕಡಿಮೆ. ಗೆಡ್ಡೆ ಇದ್ದರೆ ತೆಗೆದು, ಆಂಟಿಬಾಡಿಯನ್ನು ತಗ್ಗಿಸುವ ಔಷಧಿ ಬೇಗ ಕೊಟ್ಟರೆ ಐದರಲ್ಲಿ ಸುಮಾರು ನಾಲ್ವರು ಎರಡು ವರ್ಷದೊಳಗೆ ಚೆನ್ನಾಗಿ ಸುಧಾರಿಸುತ್ತಾರೆ. ತಡ ಮಾಡಿದಷ್ಟೂ ಕಷ್ಟ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಪತ್ತೆ ಹಚ್ಚಿ ಚಿಕಿತ್ಸೆ ಕೊಡುತ್ತಾರೆ.

ನಾನು ಪಾಠ ಮಾಡಿದ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಹೀಗೆಯೇ ಇದ್ದಕ್ಕಿದ್ದಂತೆ ಬದಲಾಗಿ ಶಾಲೆ ಬಿಟ್ಟಳು. ಮನೆಯವರು ಎಲ್ಲೆಲ್ಲಿಗೋ ಕರೆದುಕೊಂಡು ಹೋದರೆಂದು ಕೇಳಿದೆ. ಕೆಲವು ತಿಂಗಳ ನಂತರ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗೆರೆ ಎಳೆದವನು ನಾನೇ. ಅವಳಿಗೆ ಇದೇ ಕಾಯಿಲೆ ಇತ್ತೆಂದು ನಾನು ಹೇಳಲಾರೆ. ಆದರೆ ಅವಳ ಮನೆಗೆ ಹೋಗಿ ‘ಒಮ್ಮೆ ನರರೋಗ ತಜ್ಞರಿಗೆ ತೋರಿಸಿ’ ಎಂದು ನಾನು ಹೇಳಲಿಲ್ಲ ಎಂಬುದು ನಿಜ. ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಇಂದಿನಿಂದ ನಿಮಗೂ ಗೊತ್ತು. ದುವಾ ಮಾಡಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ದುವಾದ ಜೊತೆ ದವಾ ಇರಲಿ. ದವಾ ತಡವಾಗುವುದು ಬೇಡ.

ಇದನ್ನೆಲ್ಲ ಕೇಳಿ ನಾಳೆಯಿಂದ ಪ್ರತಿ ಸುಸ್ತಿಗೂ, ಪ್ರತಿ ತುರಿಕೆಗೂ ಕ್ಯಾನ್ಸರ್ ಎಂದು ಹೆದರಬೇಡಿ. ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಇವೇ ಸಾಮಾನ್ಯ ಕಾರಣಗಳು. ಹಾಗಾದರೆ ಎಚ್ಚರ ಯಾವಾಗ? ತೊಂದರೆ ಹೊಸದಾಗಿರಬೇಕು, ವಾರದಿಂದ ವಾರಕ್ಕೆ ಹೆಚ್ಚುತ್ತಿರಬೇಕು, ಮಾಮೂಲಿ ಪರೀಕ್ಷೆಗಳಲ್ಲಿ ಕಾರಣ ಸಿಗದಿರಬೇಕು ಅಥವಾ ಮಾಮೂಲಿ ಔಷಧಿಗೆ ಬಗ್ಗದಿರಬೇಕು. ಜೊತೆಗೆ ತೂಕ ಇಳಿಯುತ್ತಿದ್ದರೆ, ವಯಸ್ಸು ನಲವತ್ತು ದಾಟಿದ್ದರೆ, ಬೀಡಿ, ಸಿಗರೇಟು, ಗುಟ್ಕಾ, ತಂಬಾಕಿನ ಅಭ್ಯಾಸ ಇದ್ದರೆ ಇನ್ನಷ್ಟು ಎಚ್ಚರ. ಆಗ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ: “ಸಾರ್, ಇದಕ್ಕೆ ಬೇರೆ ಕಡೆ ಏನಾದರೂ ಕಾರಣ ಇರಬಹುದೇ?” ಅಭ್ಯಾಸಗಳನ್ನು ಮುಚ್ಚಿಡಬೇಡಿ. ‘ಬೀಡಿ ಸೇದುತ್ತೀರಾ’ ಎಂದು ಮೊದಲ ಸಲ ಕೇಳಿದಾಗ ಮಾಮು ‘ಇಲ್ಲ’ ಎಂದಿದ್ದರು. ಪಕ್ಕದಲ್ಲಿದ್ದ ನಾವೂ ಮರ್ಯಾದೆಗೆ ಅಂಜಿ ಸುಮ್ಮನಿದ್ದೆವು.

ಗ್ಲೂಕೋಸ್ ಬಾಟಲಿಯ ಬಗ್ಗೆ ಒಂದು ಮಾತು. ನಮ್ಮ ಜನರಿಗೆ ಬಾಟಲಿ ಏರಿಸಿದರೇ ಚಿಕಿತ್ಸೆ ಎಂಬ ನಂಬಿಕೆ. ದೇಹ ಈಗಾಗಲೇ ನೀರು ಹಿಡಿದಿಟ್ಟುಕೊಂಡು ಸೋಡಿಯಂ ಕುಸಿದಿರುವವರಿಗೆ ಗ್ಲೂಕೋಸ್ ನೀರು ಏರಿಸಿದರೆ ರಕ್ತ ಇನ್ನಷ್ಟು ತೆಳುವಾಗುತ್ತದೆ. ಇದು ತಿಳಿದ ಮೇಲೆ ನಾನು ಮುಮಾನಿಗೆ ಗದ್ದೆಯ ಏಡಿಯ ಉದಾಹರಣೆ ಕೊಟ್ಟು ಎಲ್ಲವನ್ನೂ ವಿವರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ಎರಡು ಬಾಟಲಿ ನಾವೇ ಹೇಳಿ ಹಾಕಿಸಿದ್ದಲ್ವಾ?” ಎಂದರು. ಹೌದು ಎಂದೆ. ಬಾಟಲಿ ಕ್ಯಾನ್ಸರ್ ತರಲಿಲ್ಲ, ಆದರೆ ಆ ಫಿಟ್ಸಿಗೆ ದಾರಿ ಮಾಡಿರಬಹುದು. ಸುಳ್ಳು ಹೇಳಿ ಸಮಾಧಾನ ಮಾಡಲು ನನಗೆ ಮನಸ್ಸಾಗಲಿಲ್ಲ. ಮುಮಾನಿ ಇಂದು ನಮ್ಮ ಬೀದಿಯಲ್ಲಿ ಯಾರಾದರೂ ‘ಬಾಟಲಿ ಹಾಕಿಸಿ’ ಎಂದರೆ ಮೊದಲು ‘ರಕ್ತ ಪರೀಕ್ಷೆ ಮಾಡಿಸಿ’ ಎನ್ನುತ್ತಾರೆ.

ಮಾಮುವನ್ನು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಮಂತ್ರಿಯಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಈ ಸಂಸ್ಥೆ ಶುರುವಾದದ್ದು 1973ರಲ್ಲಿ. ಕಿದ್ವಾಯಿ ಮತ್ತು ನಿಮ್ಹಾನ್ಸ್ ಅಕ್ಕಪಕ್ಕದಲ್ಲೇ ಇವೆ. ನರದ ಲಕ್ಷಣ ಒಂದು ಕಡೆ, ಗೆಡ್ಡೆ ಒಂದು ಕಡೆ ಇರುವ ರೋಗಿಗಳಿಗೆ ಇದೊಂದು ದೊಡ್ಡ ಅನುಕೂಲ. ಕೀಮೋ ಕೊಟ್ಟ ಕೆಲವು ವಾರಗಳಲ್ಲೇ ಗೆಡ್ಡೆ ಕುಗ್ಗಿತು, ಸೋಡಿಯಂ ತಾನಾಗಿ ಏರಿತು, ಮಾಮುವಿನ ಬುದ್ಧಿ ಸ್ಪಷ್ಟವಾಯಿತು. ಗೆಡ್ಡೆಗೆ ಮದ್ದು ಮಾಡಿದರೆ ದೂರದ ಸೋರಿಕೆಯೂ ನಿಲ್ಲುತ್ತದೆ ಎಂಬುದನ್ನು ಕಣ್ಣಾರೆ ಕಂಡೆ. ಆಂಟಿಬಾಡಿಯಿಂದ ನರ ಸತ್ತುಹೋದ ಕೆಲವು ಕಾಯಿಲೆಗಳಲ್ಲಿ ಮಾತ್ರ ಹೋದ ಶಕ್ತಿ ಪೂರ್ತಿ ಮರಳುವುದಿಲ್ಲ. ಅಂಥವಕ್ಕೆ ಬೇಗ ಪತ್ತೆ ಹಚ್ಚುವುದೊಂದೇ ದಾರಿ. ಮಾಮು ಇನ್ನೂ ಹನ್ನೊಂದು ತಿಂಗಳು ನಮ್ಮ ಜೊತೆಗಿದ್ದರು. ಮಗಳ ನಿಕಾಹ್ ನೋಡಿದರು. ಮಕ್ಕಳನ್ನೆಲ್ಲ ಅವರವರ ಹೆಸರಿನಿಂದಲೇ ಕರೆದರು.

ಖರ್ಚಿನ ಭಯದಿಂದ ಆಸ್ಪತ್ರೆಗೆ ಹೋಗದವರಿಗೆ ಒಂದು ಮಾಹಿತಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ, ಕ್ಯಾನ್ಸರ್ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ರೇಷನ್ ಕಾರ್ಡು, ಆಧಾರ್ ಎರಡರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಿಟ್ಟುಕೊಳ್ಳಿ. ನಮ್ಮ ಹೆಸರುಗಳನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆದಿರುತ್ತಾರೆ. ಕಾಯಿಲೆ ಬಂದ ಮೇಲೆ ಅದನ್ನು ತಿದ್ದಿಸಲು ಓಡಾಡುವುದು ಬೇಡ. ವಿದ್ಯಾರ್ಥಿಗಳು ಈ ಕೆಲಸವನ್ನು ತಮ್ಮ ಮನೆಯಲ್ಲಿ ಇಂದೇ ಮಾಡಬಹುದು.

ಕೊನೆಯದಾಗಿ, ಕಹಿಯಾದರೂ ಹೇಳಲೇಬೇಕಾದ ಮಾತು. ನಮ್ಮ ಚನ್ನಗಿರಿ ತಾಲ್ಲೂಕು ಅಡಿಕೆಯ ಸೀಮೆ. ತೋಟ ಇದ್ದವರು, ಅಡಿಕೆ ಸುಲಿಯುವವರು, ವ್ಯಾಪಾರ ಮಾಡುವವರು ನಮ್ಮಲ್ಲೇ ಇದ್ದಾರೆ. ದಾವಣಗೆರೆಯಲ್ಲಿ ಎಷ್ಟೋ ಹೆಣ್ಣುಮಕ್ಕಳು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಯಾರ ಅನ್ನವನ್ನೂ ನಾನು ನಿಂದಿಸುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲಿ, ತಂಬಾಕು ಸೇರಿಸದಿದ್ದರೂ ಅಡಿಕೆ ಜಗಿಯುವುದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ತೀರ್ಮಾನಿಸಿತು. ನಮ್ಮ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಬಂದವು. ಹುಡುಗರು ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಏಡಿ ಬಿಲ ತೋಡಲು ನಾವೇ ಬದುವನ್ನು ಸಡಿಲ ಮಾಡಿಕೊಟ್ಟಂತೆ ಇದು. ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರ ಕಳೆದರೂ ಮಾಯದ ಹುಣ್ಣು, ಇವು ದೂರದ ಸುಳಿವುಗಳಲ್ಲ, ಬಾಗಿಲಲ್ಲೇ ನಿಂತ ಸುಳಿವುಗಳು. ಕನ್ನಡಿ ಹಿಡಿದು ನೋಡಿಕೊಳ್ಳಲು ಯಾವ ಫೀಸೂ ಬೇಕಿಲ್ಲ.

ಸಂಘದ ಹಿರಿಯರಲ್ಲಿ ನನ್ನ ಒಂದು ವಿನಂತಿ. ಪ್ರತಿ ವರ್ಷ ಪ್ರತಿಭಾ ಪುರಸ್ಕಾರ, ನೋಟ್‌ಬುಕ್ ವಿತರಣೆ ಮಾಡುತ್ತೇವೆ, ಒಳ್ಳೆಯದು. ಮುಂದಿನ ವರ್ಷ ಅದರ ಜೊತೆಗೆ ಒಂದು ದಿನ ಬಾಯಿ ಪರೀಕ್ಷೆ ಮತ್ತು ಸಾಮಾನ್ಯ ರಕ್ತ ಪರೀಕ್ಷೆಯ ಶಿಬಿರ ಇಡೋಣ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ, ಮಹಿಳಾ ವೈದ್ಯರು ಇರಲಿ. ಸಂಕೋಚದಿಂದ ಹೇಳದೇ ಉಳಿಯುವ ಕಾಯಿಲೆಗಳು ನಮ್ಮ ಮನೆಗಳಲ್ಲಿ ಬಹಳ ಇವೆ. ನಮ್ಮ ಶಿಕ್ಷಕ ಮಿತ್ರರಲ್ಲಿ ಇನ್ನೊಂದು ವಿನಂತಿ. ಯಾವ ಮಗುವಾದರೂ ಇದ್ದಕ್ಕಿದ್ದಂತೆ ಬದಲಾದರೆ, ಕೆಂಪು ಗೆರೆ ಎಳೆಯುವ ಮೊದಲು ಒಮ್ಮೆ ಆ ಮನೆಯ ಬಾಗಿಲು ತಟ್ಟೋಣ.

 ನಾನು ಹೇಳಿದ್ದು ಯಾವ ಡಾಕ್ಟರ ಸಲಹೆಗೂ ಬದಲಿಯಲ್ಲ. ಸಲಹೆ ಕೇಳಲು ಬೇಗ ಹೋಗಿ ಎನ್ನುವುದಷ್ಟೇ ನನ್ನ ಮಾತು.